ನಾಲ್ಕೂ ಇಪ್ಪತ್ತರ ತೊಟ್ಟಿಲು

ನಮ್ಮ ಕಾಕಾ ನಾಳೆಯನ್ನು ನಂಬುವುದಿಲ್ಲ. ನಾಡಿದ್ದಿನ ಮೇಲಂತೂ ಅವರಿಗೆ ಸಿಟ್ಟೇ ಇದೆ! ದೇವರನ್ನು ನಂಬದವರನ್ನು ನೀವು ನೋಡಿರಬಹುದು. ಡಾಕ್ಟರನ್ನು ನಂಬದವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಆದರೆ ಕ್ಯಾಲೆಂಡರನ್ನೇ ನಂಬದ ಮನುಷ್ಯನನ್ನು ನೋಡಬೇಕೆಂದರೆ ಇಳಕಲ್ಲಿಗೇ ಬರಬೇಕು. ಬರುವ ಮೊದಲು ಮಾತ್ರ ತಿಳಿಸಬೇಡಿ. ತಿಳಿಸಿದರೆ ಅವರು ಮನೆಯಲ್ಲಿರುವುದಿಲ್ಲ.

ಇಂಥವರು ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದರು ಎಂದರೆ ನಂಬುತ್ತೀರಾ? ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಬಾಗಲಕೋಟೆ, ಮುಂದೆ ಬಾದಾಮಿ. ಬಿಡುವುದಕ್ಕೊಂದು ಹೊತ್ತು, ಮುಟ್ಟುವುದಕ್ಕೊಂದು ಹೊತ್ತು, ಚಹಾ ಕುಡಿಯುವುದಕ್ಕೂ ಒಂದು ಹೊತ್ತು. ನಿವೃತ್ತಿಯಾದ ಮರುದಿನದಿಂದ ಅವರು ಹೊತ್ತಿನ ಸಹವಾಸವನ್ನೇ ಬಿಟ್ಟರು. ಹಸಿದಾಗ ಊಟ, ನಿದ್ದೆ ಬಂದಾಗ ನಿದ್ದೆ. ಸಂಜೆಗೆ ಏನು ಪಲ್ಯ ಮಾಡಲಿ ಎಂದು ಅವರ ಹೆಂಡತಿ, ನಮ್ಮ ಕಾಕು, ಬೆಳಿಗ್ಗೆ ಕೇಳಿದರೆ, ಸಂಜೆಯ ಹಸಿವು ಇನ್ನೂ ಹುಟ್ಟಿಲ್ಲ, ಹುಟ್ಟಿದ ಮೇಲೆ ಅದನ್ನೇ ಕೇಳು ಎನ್ನುತ್ತಾರೆ. ಪಾಪ ಕಾಕು ಎರಡು ನಮೂನೆ ಪಲ್ಯ ಮಾಡಿಡುತ್ತಾಳೆ.

ಒಮ್ಮೆ ಅವಳು ಕೊತಂಬರಿ ತರಲು ಅವರನ್ನು ಪೇಟೆಗೆ ಕಳಿಸಿದಳು. ಕಾಕಾ ಹೋದರು. ದಾರಿಯಲ್ಲಿ ಬಸ್ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ಬಾದಾಮಿಯ ಬಸ್ಸು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಖಾಲಿ ಸೀಟು! ಖಾಲಿ ಸೀಟು ಕಂಡ ಮೇಲೆ ಕೂರದೆ ಬಿಡುವುದುಂಟೇ? ಕೂತರು. ಸಂಜೆ ಹೊತ್ತು ಮುಳುಗುವಾಗ ಮನೆಗೆ ಬಂದರು. ಕೈಯಲ್ಲಿ ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಕೊತಂಬರಿ ಎಲ್ಲಿ ಎಂದು ಕಾಕು ಕೇಳಿದಳು. ಅದು ಇಳಕಲ್ಲಿನಲ್ಲೇ ಸಿಗುತ್ತದಲ್ಲ, ಅಷ್ಟು ದೂರದಿಂದ ಯಾಕೆ ತರಬೇಕು ಎಂದು ಕಾಕಾ ಅವಳನ್ನೇ ಕೇಳಿದರು. ಕಾಕು ರೊಟ್ಟಿ ತಿಂದಳು.

ನನ್ನ ತಮ್ಮನ ಮದುವೆ ಹುನಗುಂದದಲ್ಲಿ ಇತ್ತು. ಮನಸ್ಸಾದರೆ ಬರುತ್ತೇನೆ ಎಂದಿದ್ದ ಕಾಕಾಗೆ ಮನಸ್ಸಾದದ್ದು ಹಿಂದಿನ ದಿನ. ಹಂದರದ ಕಂಬ ನಿಲ್ಲಿಸುತ್ತಿದ್ದವರ ನಡುವೆ ಹಾಯ್ದು ಬಂದು, ಶೇಂಗಾ ಹೋಳಿಗೆ ಉಂಡು, ಅರಿಷಿಣ ಮೆತ್ತಿಕೊಂಡು ಕೂತಿದ್ದ ತಮ್ಮನ ತಲೆಯ ಮೇಲೆ ಅಕ್ಷತೆ ಹಾಕಿ ಹೊರಟೇಬಿಟ್ಟರು. ಮದುವೆ ನಾಳೆ ಇದೆ ಎಂದು ನಾನು ಹಿಂದೆಯೇ ಓಡಿದೆ.

"ನನಗ ಇವತ್ತ ಸಂತೋಷ ಆಗೇತಲ್ಲವ್ವಾ," ಎಂದರು ಕಾಕಾ, "ಅದನ್ನ ನಾಳಿತನಕ ಎಲ್ಲಿಡಲಿ?"

ನಾನೋ, ಇದಕ್ಕೆ ಪೂರ್ತಿ ತಿರುವುಮುರುವು. ಬಾಗಲಕೋಟೆಯ ನವನಗರದ ಒಂದು ಶಾಲೆಯಲ್ಲಿ ಟೀಚರು. ಗಂಟೆ ಬಾರಿಸಿದಾಗ ಮಾತ್ರ ನೀರು ಕುಡಿಯುವವರ ಪೈಕಿ. ಒಂದೇ ಮನೆತನದಲ್ಲಿ ನಾವಿಬ್ಬರೂ ಹೇಗೆ ಹುಟ್ಟಿದೆವು ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೀಗಿರುವಾಗ ಬಾದಾಮಿಯ ರಸ್ತೆಯಲ್ಲಿ ಒಂದು ಹೊಸ ಪಾರ್ಕು ಶುರುವಾಯಿತು. ನೀರಾಟ, ದೋಣಿ, ಪುಟಾಣಿ ರೈಲು, ಎಲ್ಲಕ್ಕಿಂತ ಮೇಲೆ ಚಕ್ರದಂತೆ ತಿರುಗುತ್ತ ಆಕಾಶಕ್ಕೆ ತಾಗುವ ದೊಡ್ಡ ತೊಟ್ಟಿಲು. ಕಾಲೇಜಿಗೆ ಹೋಗುವ ನನ್ನ ಮಗಳು ಅದರ ವಿಡಿಯೊವನ್ನು ಕಾಕುಗೆ ತೋರಿಸಿದಳು. ಕಾಕು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ಸಣ್ಣ ದನಿಯಲ್ಲಿ ಹೇಳಿದಳು.

"ಒಂದೇ ಒಂದ್ಸಲ ಆ ತೊಟ್ಟಿಲದಾಗ ನಿಮ್ಮ ಕಾಕಾನ ಜೋಡಿ ಕುಂಡ್ರಬೇಕವ್ವಾ. ಮತ್ತೇನೂ ಬ್ಯಾಡ."

ಈ ಕಾಕು ನನ್ನ ಹತ್ತಿರ ಅಂದಿನತನಕ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಆಕಾಶ ಭೂಮಿ ಒಂದಾದರೂ ಸರಿ, ಕಾಕಾನನ್ನು ಅವಳ ಪಕ್ಕಕ್ಕೆ ಕೂಡಿಸಿಯೇ ತೀರಬೇಕು ಎಂದು ನಾನು ಅಲ್ಲಿಯೇ ನಿಶ್ಚಯಿಸಿದೆ.

ಆದರೆ ಆ ಪಾರ್ಕಿಗೆ ಸುಮ್ಮನೆ ಹೋಗಿ ಪಾಳಿ ಹಚ್ಚಿ ನಿಲ್ಲುವಂತಿಲ್ಲ! ಯಾವ ಆಟ, ಯಾವ ಹೊತ್ತಿಗೆ, ಎಷ್ಟು ಜನ ಎಂದು ಮೊದಲೇ ಫೋನಿನಲ್ಲಿ ಕಾದಿರಿಸಬೇಕು. ಅದಕ್ಕೆ ಸ್ಲಾಟು ಎನ್ನುತ್ತಾರೆ. ಬುಧವಾರ ಮಗಳು ಇಳಕಲ್ಲಿಗೆ ಫೋನು ಹಚ್ಚಿ, ಶನಿವಾರ ದೋಣಿಯಲ್ಲಿ ಎಷ್ಟೊತ್ತಿಗೆ ಕೂರುತ್ತೀರಿ ಅಜ್ಜಾ ಎಂದು ಕೇಳಿದಳು. ಕಾಕಾ ಸಿಟ್ಟಾಗಿರಲಿಲ್ಲ. ನಿಜವಾಗಿಯೂ ತಿಳಿಯದೆ ತಬ್ಬಿಬ್ಬಾಗಿದ್ದರು.

"ಶನಿವಾರ ನನಗ ದೋಣ್ಯಾಗ ಕುಂಡ್ರಬೇಕು ಅನಸ್ತೈತೋ ಇಲ್ಲೋ, ಅದನ್ನ ಬುಧವಾರ ಹ್ಯಾಂಗ ಹೇಳ್ಲಿ? ಶನಿವಾರದ ನಾ ಇನ್ನೂ ಬಂದೇ ಇಲ್ಲಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಕೊನೆಗೆ ಎಲ್ಲವನ್ನೂ ಅವಳೇ ತನ್ನ ಮನಸ್ಸಿಗೆ ಬಂದಂತೆ ಕಾದಿರಿಸಿದಳು. ದೊಡ್ಡ ತೊಟ್ಟಿಲಿಗೆ ಮಾತ್ರ ಸಂಜೆ ನಾಲ್ಕೂ ಇಪ್ಪತ್ತು, ಇಬ್ಬರಿಗೆ.

ಶನಿವಾರ ಬೆಳಿಗ್ಗೆ ಕಾಕಾ ಕಾಕು ಇಬ್ಬರೂ ಪಾರ್ಕಿನ ಬಾಗಿಲಿಗೆ ನಮಗಿಂತ ಮೊದಲೇ ಬಂದು ನಿಂತಿದ್ದರು. ನಾವು ಹೇಳಿದ ದಿನವೇ ಕಾಕಾ ಬಂದಿದ್ದಾರೆಯೇ? ಅಥವಾ ತಪ್ಪಿ ಇದೇ ದಿನ ಮನಸ್ಸಾಗಿತ್ತೋ? ನನ್ನ ಗೊಂದಲ ಅಲ್ಲಿಂದಲೇ ಶುರುವಾಯಿತು. ಒಳಗೆ ಹೋಗುವಾಗ ಮಗಳು ಕಾಕಾಗೆ ಮೂರು ಸಲ ಹೇಳಿದಳು: ಉಳಿದದ್ದು ಏನು ಬೇಕಾದರೂ ತಪ್ಪಲಿ ಅಜ್ಜಾ, ನಾಲ್ಕೂ ಇಪ್ಪತ್ತರ ತೊಟ್ಟಿಲು ತಪ್ಪುವಂತಿಲ್ಲ, ಅಜ್ಜಿ ಆಸೆಪಟ್ಟಿದ್ದಾಳೆ. ಕಾಕಾ ಕೈ ಬೀಸಿದರು. ಆಗಲಿ ಎಂದೋ, ಹೋಗಲಿ ಬಿಡು ಎಂದೋ, ಯಾರಿಗೆ ಗೊತ್ತು?

ಒಳಗಿನ ಕಥೆ ಏನು ಹೇಳಲಿ! ಮೋಜಿಗೆ ಬಂದಿದ್ದೇವೋ ಪರೀಕ್ಷೆಗೆ ಬಂದಿದ್ದೇವೋ ತಿಳಿಯದಂತಾಯಿತು. ನನಗೂ ಕಾಕುಗೂ ನೀರಿನ ಜಾರುಬಂಡಿಯ ಹೊತ್ತು ಒಂದೇ, ಮಗಳಿಗೆ ಅದೇ ಹೊತ್ತಿಗೆ ಪಾರ್ಕಿನ ಆ ತುದಿಯಲ್ಲಿ ಇನ್ಯಾವುದೋ ಗಿರಗಿಟ್ಟಲೆ, ಎಲ್ಲವನ್ನೂ ಕಾದಿರಿಸಿದ ಫೋನು ಮಾತ್ರ ಒಂದೇ, ಅದೂ ಅವಳ ಕೈಯಲ್ಲಿ. ಫೋನಿಲ್ಲದೆ ನಾವು ಜಾರುವಂತಿಲ್ಲ. ಫೋನು ಇಲ್ಲಿದ್ದರೆ ಅವಳು ತಿರುಗುವಂತಿಲ್ಲ. ಕೊನೆಗೆ ಯಾರೂ ಏನೂ ಮಾಡಲಿಲ್ಲ.

ದೋಣಿಯ ಕೆರೆಗೆ ಹೋದೆವು. ಹಂಸದ ಆಕಾರದ ದೋಣಿಯೊಂದು ದಂಡೆಯಲ್ಲಿ ಸುಮ್ಮನೆ ತೇಲುತ್ತಿತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಕಾಕಾ ನೇರ ಹೋಗಿ ಒಂದು ಕಾಲಿಟ್ಟರು. ಅಲ್ಲಿಯ ಮನುಷ್ಯ ಅಡ್ಡ ಬಂದ.

"ಖಾಲಿ ಐತಲ್ಲೋ," ಎಂದರು ಕಾಕಾ.

"ಖಾಲಿ ಐತ್ರಿ ಯಜಮಾನ್ರ. ಆದ್ರ ಬುಕ್ ಆಗೇತ್ರಿ."

ಯಾರು ಬುಕ್ ಮಾಡಿದ್ದಾರೆ, ಅವರನ್ನು ತೋರಿಸು ಎಂದು ಕಾಕಾ ಪಟ್ಟು ಹಿಡಿದರು. ಅವನು ಪಾಪ ತನ್ನ ಯಂತ್ರವನ್ನು ಒತ್ತಿ ಒತ್ತಿ ನೋಡಿ ನನ್ನ ಮಗಳ ಹೆಸರು ಓದಿದ. ಅದು ನಾವೇ! ನಮ್ಮ ಹೊತ್ತು ಬರಲು ಇನ್ನೂ ತಾಸು ಬೇಕಿತ್ತು. ನಮಗಾಗಿ ಕಾದಿರಿಸಿದ್ದರಿಂದ ನಾವು ಆ ದೋಣಿಯನ್ನು ಹತ್ತುವಂತಿರಲಿಲ್ಲ. ಇದನ್ನು ನಾನು ಇಲ್ಲಿಯತನಕ ಶಾಲೆಯ ಗಣಿತದ ಮಾಸ್ತರರಿಂದ ಹಿಡಿದು ಎಲ್ಲರಿಗೂ ಬಿಡಿಸಲು ಕೊಟ್ಟಿದ್ದೇನೆ. ಯಾರಿಗೂ ಬಗೆಹರಿದಿಲ್ಲ.

ಅಲ್ಲಿಂದ ತಿರುಗಿ ನೋಡುವಷ್ಟರಲ್ಲಿ ಕಾಕಾ ರೈಲಿನ ಹಳಿಯ ಪಕ್ಕ ನಿಂತಿದ್ದರು. ಪುಟಾಣಿ ರೈಲು ಮಕ್ಕಳನ್ನು ತುಂಬಿಕೊಂಡು ಬರುತ್ತಿತ್ತು. ನಮ್ಮ ಕಡೆ ರಸ್ತೆಯಲ್ಲಿ ಬಸ್ಸಿಗೆ ಕೈ ಮಾಡುತ್ತೇವಲ್ಲ, ಥೇಟ್ ಹಾಗೆ ಕಾಕಾ ರೈಲಿಗೆ ಕೈ ಮಾಡಿದರು. ರೈಲು ನಿಂತಿತು! ಅದನ್ನು ಓಡಿಸುತ್ತಿದ್ದ ನೆರೆಮೀಸೆಯ ಮನುಷ್ಯ ಹಿಂದೆ ಹುನಗುಂದದ ರಸ್ತೆಯಲ್ಲಿ ಟಂಟಂ ಆಟೊ ಹೊಡೆಯುತ್ತಿದ್ದನಂತೆ. ಎತ್ತಿದ ಕೈ ಕಂಡರೆ ಕಾಲು ಬ್ರೇಕಿನ ಕಡೆಗೆ ತಾನಾಗಿ ಸರಿಯುವುದು ಅವನಿಗೆ ರೂಢಿ. ಲಗೂ ಹತ್ರಿ, ಹಿಂದ ಸರಕೊಳ್ರಿ ಎಂದು ಮಕ್ಕಳಿಗೂ ಹೇಳಿಬಿಟ್ಟ. ಮೇಲ್ವಿಚಾರಕರು ಸೀಟಿ ಊದುತ್ತ ಓಡಿ ಬರುವ ಹೊತ್ತಿಗೆ ಕಾಕಾ ಒಂದು ಸುತ್ತು ಮುಗಿಸಿ, ತಮಗೆ ಬೇಕಾದ ಗಿಡದ ನೆರಳಿನಲ್ಲಿ ಇಳಿದಿದ್ದರು. ಆ ಸುತ್ತನ್ನು ಮೇಲ್ವಿಚಾರಕರು ನಮ್ಮ ಲೆಕ್ಕಕ್ಕೆ ಹಾಕಿದ್ದರಿಂದ, ಮುಂದೆ ನಮ್ಮ ಹೊತ್ತು ಬಂದಾಗ ನಾವೆಲ್ಲರೂ ಆಗಲೇ ಕೂತು ಇಳಿದಿದ್ದೇವೆ ಎಂದು ಫೋನು ಹೇಳಿತು. ಫೋನೇ ಹೇಳಿದ ಮೇಲೆ ಇಲ್ಲ ಎನ್ನಲು ನನಗೂ ಧೈರ್ಯ ಬರಲಿಲ್ಲ.

ಬೇವಿನ ಗಿಡದ ಕೆಳಗೆ ಕಾಕು ಬುತ್ತಿ ಬಿಚ್ಚಿದಳು. ಕಟಿರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ. ಉಂಡು ಕೈ ತೊಳೆದು ನೋಡುತ್ತೇವೆ, ಕಾಕಾ ಇಲ್ಲ!

ಮೊದಮೊದಲು ನಾವು ನಕ್ಕೆವು. ಆಮೇಲೆ ಮಗಳು ರೈಲಿನ ಕಡೆ ಹೋಗಿ ಬಂದಳು, ನಾನು ಕೆರೆಯ ಕಡೆ ಹೋಗಿ ಬಂದೆ. ಚಹಾದ ಅಂಗಡಿ, ಗಂಡಸರ ಪಾಯಖಾನೆ, ಹೊರಗಿನ ಬಸ್ ನಿಲ್ದಾಣ, ಎಲ್ಲೂ ಇಲ್ಲ. ಫೋನು ಮಾಡೋಣವೆಂದರೆ ಅವರ ಫೋನು ಯಾವಾಗಲೂ ಇಳಕಲ್ಲಿನ ಮನೆಯ ಕಪಾಟಿನಲ್ಲೇ ಇರುತ್ತದೆ. ಯಾವುದಾದರೂ ಬಸ್ಸಿನಲ್ಲಿ ಸೀಟು ಖಾಲಿ ಕಂಡು ಮಹಾಕೂಟಕ್ಕೋ ಐಹೊಳೆಗೋ ಹೋಗಿರಬಹುದು ಎಂದು ಮಗಳು ಅಂದಳು. ನನಗೂ ಅದೇ ಅನಿಸಿತ್ತು, ಬಾಯಿಬಿಟ್ಟು ಅಂದಿರಲಿಲ್ಲ ಅಷ್ಟೆ.

ಕಾಕು ಬೆಂಚಿನ ಮೇಲೆ ಕೂತಿದ್ದಳು. ಹಬ್ಬಕ್ಕೂ ಉಡದೆ ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಬರ್ತಾರ ಬಿಡು ಎಂದು ಎರಡು ಸಲ ಅಂದಳು. ಮೂರನೆಯ ಸಲ ಅನ್ನಲಿಲ್ಲ. ನಾಲ್ಕು ಹೊಡೆದ ಮೇಲೆ ಸೆರಗು ಕೊಡವಿಕೊಂಡು ಎದ್ದಳು.

"ನೀವು ತಾಯಿ ಮಗಳು ಹತ್ರಿ. ನಾ ಕೆಳಗ ನಿಂತು ನೋಡತೇನಿ."

ನನಗೆ ಕಾಕಾನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದಿನ ಅವರ ಹುಚ್ಚಾಟಗಳನ್ನು ಶಾಲೆಯಲ್ಲಿ ಬಣ್ಣ ಹಚ್ಚಿ ಹೇಳಿ ನಗಿಸಿದ್ದೆ. ಈಗ ನಗು ಹೋಗಿ, ಒಬ್ಬ ಹೆಂಗಸಿನ ಒಂದೇ ಒಂದು ಆಸೆಗೂ ಹೊತ್ತು ಕೊಡದ ಇದು ಎಂಥ ಸ್ವಾತಂತ್ರ್ಯ ಎನಿಸಿತು. ಕಾಕಾ ಸಿಕ್ಕರೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ತೊಟ್ಟಿಲಿನ ಕಡೆ ನಡೆದೆ.

ಅಲ್ಲಿ ಪಾಳಿಯ ಹಗ್ಗದ ಆಚೆ, ಎಲ್ಲರಿಗಿಂತ ಮುಂದೆ, ಬಿಸಿಲಿನಲ್ಲಿ ಕಾಕಾ ನಿಂತಿದ್ದರು! ಪಾರ್ಕೆಲ್ಲ ಜಾಲಾಡಿದ ನಾವು ಇದೊಂದು ಜಾಗವನ್ನು ನೋಡಿರಲಿಲ್ಲ. ಕಾಯುವ ಕಾಕಾ ನಮ್ಮ ಕಲ್ಪನೆಗೂ ನಿಲುಕಿದವರಲ್ಲ.

ಬಾಗಿಲು ಕಾಯುವ ಹೆಣ್ಣುಮಗಳು ನಮ್ಮನ್ನು ಕಂಡದ್ದೇ ದೂರು ಹೇಳಿದಳು. ಈ ಹಿರಿಯರು ಮಧ್ಯಾಹ್ನದಿಂದ ಇಲ್ಲೇ ಇದ್ದಾರೆ, ನೆರಳಿಗೆ ಹೋಗಿ ಕೂರಿ ಎಂದರೂ ಕೇಳುವುದಿಲ್ಲ, ಕನಿಕರ ಬಂದು ಖಾಲಿ ಇದ್ದಾಗ ಹತ್ತಿ ಎಂದರೂ ಹತ್ತುವುದಿಲ್ಲ, ಒಬ್ಬನೇ ಹತ್ತುವುದಲ್ಲ ಇದು ಎನ್ನುತ್ತಾರೆ.

ಯಾಕೆ ಹೇಳದೆ ಬಂದು ಇಲ್ಲಿ ನಿಂತಿದ್ದೀ ಎಂದು ನಾನು ಗದರಿಸಿಯೇ ಕೇಳಿದೆ. ಕಾಕಾ ತಪ್ಪು ಮಾಡಿದವರಂತೆ ಬೆವರು ಒರೆಸಿಕೊಂಡರು.

"ನಾಲ್ಕೂ ಇಪ್ಪತ್ತು ಯಾವಾಗ ಬರತೈತಿ ಅನ್ನೂದು ಈಗ ನನಗ ತಿಳಿಯೂದಿಲ್ಲವ್ವಾ. ಬಂದು ಹೋಗಿಬಿಟ್ರ ಏನ್ ಮಾಡ್ಲಿ? ಅದಕ್ಕ ಉಂಡ ಕೂಡಲೇ ಬಂದು ನಿಂತೆ."

ಸ್ವಲ್ಪ ತಡೆದು, ಕಾಕುವಿನ ಕಡೆ ನೋಡದೆಯೇ ಹೇಳಿದರು.

"ನನ್ನ ಗಾಡ್ಯಾಗ ಇಕಿ ಭಾಳ ಸಲ ಬಂದಾಳ. ಹಿಂದ ಕುಂತಿರ್ತಿದ್ಲು. ಗಾಡಿ ಹೊಡಿಯಾಂವ ಹೊಳ್ಳಿ ಹಿಂದ ನೋಡೂ ಹಂಗಿಲ್ಲ. ಇಳಿಯೂ ಮುಂದ ಮಂದ್ಯಾಗ ಇಳದು ಹೋಗಿಬಿಡ್ತಿದ್ಲು."

ಕಾಕು ಸೆರಗಿನ ತುದಿಯಿಂದ ಅವರ ಕುತ್ತಿಗೆಯ ಬೆವರು ಒರೆಸಿದಳು, ಅಷ್ಟು ಜನರ ಮುಂದೆ. ನಾನು ಕಣ್ಣು ತುಂಬಿ ಬಂದದ್ದನ್ನು ಮಗಳಿಗೆ ಕಾಣದಂತೆ ಒರೆಸಿಕೊಂಡೆ. ಅವಳೂ ಅದನ್ನೇ ಮಾಡುತ್ತಿದ್ದಳು.

ಇಬ್ಬರೂ ಹತ್ತಿದರು. ಕಂಬಿ ಬಿತ್ತು, ತೊಟ್ಟಿಲು ನಿಧಾನ ಮೇಲಕ್ಕೆ ಹೋಯಿತು. ಅದರ ತುದಿಗೆ ಹೋದರೆ ಬಾದಾಮಿಯ ಗುಡ್ಡದ ಸಾಲು ಪೂರ್ತಿ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಇಳಿದು ಬಂದ ಮೇಲೆ, ಮೇಲಿನಿಂದ ಗುಡ್ಡ ಹೇಗೆ ಕಂಡವು ಎಂದು ಕೇಳಿದೆ. ಕೆಂಪಗೆ ಚೆಂದ ಕಂಡವು ಎಂದಳು ಕಾಕು. ನಿನಗೆ ಹೇಗೆ ಕಂಡವು ಕಾಕಾ ಎಂದೆ.

"ನಾ ಆ ಕಡೆ ನೋಡಲಿಲ್ಲವ್ವಾ," ಎಂದರು.