ಹಗಲಲ್ಲಿ ಕಣ್ಣು ಬಿಡುವ ಕಾರು

ವೈರಿಂಗ್ ಕೆಲಸದವನಿಗೆ ದೆವ್ವದ ಕಾಟ ತಪ್ಪಿದ್ದಲ್ಲ. ರಾಮನಗರದಲ್ಲಿ ಮಾಗಡಿ ರಸ್ತೆ ಕಡೆ ನನ್ನ ಶೆಡ್ಡು. ಗಾಡಿಗಳ ದೀಪ, ಹಾರನ್ನು, ಬ್ಯಾಟರಿ ನೋಡೋನು ನಾನು. ಆದ್ರೆ ಬರೋರಲ್ಲಿ ಅರ್ಧಕ್ಕರ್ಧ ಜನ ಮೊದಲು ಪೂಜಾರಿ ಹತ್ರ ಹೋಗಿ, ಅಲ್ಲಿ ಗುಣ ಕಾಣದೆ ಬಂದವರು. ಚನ್ನಪಟ್ಟಣದ ಬೊಂಬೆ ಮಾಡೋರೊಬ್ರು ವ್ಯಾನು ತಂದಿದ್ರು. ಓಡಿಸುವಾಗ ಹಿಂದೆ ಯಾರೋ ಹಲ್ಲು ಕಡೀತಾರಂತೆ. ಸೀಟು ಎತ್ತಿ ನೋಡಿದೆ, ಅವರೇ ಮಾಡಿದ ಮರದ ಗಿಲಕಿ ಸಿಕ್ತು. ಇಂಥದ್ದಕ್ಕೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ, ಕೈಲಾಂಚ ಹಳ್ಳಿಯ ಕಾರು ಬರೋವರೆಗೂ.

೧. ಭಾನುವಾರದ ರಜ

ಆ ಭಾನುವಾರ ಕಾರು ತಂದ ಹೆಣ್ಣುಮಗಳು ಹಾರೋಹಳ್ಳಿಯ ಒಂದು ಫ್ಯಾಕ್ಟರೀಲಿ ನರ್ಸು. ಸಣ್ಣ ಬಿಳೀ ಕಾರು, ಅವಳದೇ ಸಂಬಳದಲ್ಲಿ ತಗೊಂಡಿದ್ದು, ಅವಳೇ ಓಡಿಸೋದು. ಇಂಜಿನ್ ಸ್ಟಾರ್ಟ್ ಮಾಡಿದ್ರೆ ಹಗಲಲ್ಲೂ ತಾನೇ ಉರಿಯೋ ಪುಟ್ಟ ದೀಪ ಎರಡು ಮುಂದೆ ಇರ್ತವಲ್ಲ, ಅದರಲ್ಲಿ ಎಡಗಡೇದು ಕೆಟ್ಟಿತ್ತು. ಕೆಟ್ಟಿತ್ತು ಅಂದ್ರೆ ಹತ್ತೋದಿಲ್ಲ ಅಂತಲ್ಲ. ಕೀ ಮನೆಯೊಳಗೆ ಮೊಳೇಲಿ ನೇತಾಡ್ತಿದ್ರೂ, ಮಟಮಟ ಮಧ್ಯಾಹ್ನ, ಅಂಗಳದಲ್ಲಿ ಒಂದೇ ಕಣ್ಣು ಮೆಲ್ಲಗೆ ಬಿಡ್ತಿತ್ತು.

ಅತ್ತೆ ಅದನ್ನ ನೋಡಿ ಕಾರಲ್ಲಿ ಏನೋ ಸೇರ್ಕೊಂಡದೆ, ಮಾರಿಬಿಡಿ ಅಂತ ಹಟ ಹಿಡಿದಿದ್ರಂತೆ. ಡೈರೀಲಿ ಕೆಲಸ ಮಾಡೋ ಗಂಡ ಮಾಗಡಿ ಕಡೆಯ ಗಿರಾಕಿ ಒಬ್ಬನನ್ನ ಹುಡುಕಿಯೂ ಆಗಿತ್ತು. ಬರೋ ಭಾನುವಾರ ಅವನು ನೋಡೋಕೆ ಬರ್ತಾನೆ. ಕಾರು ಹೋದ್ರೆ ಬೆಳಗಿನ ಶಿಫ್ಟಿಗೆ ಬಸ್ಸಿಲ್ಲ, ಶಿಫ್ಟಿಲ್ಲದಿದ್ರೆ ಕೆಲಸವಿಲ್ಲ. "ಅಷ್ಟರೊಳಗೆ ಕಂಡುಹಿಡಿದುಕೊಡಿ ಅಣ್ಣ" ಅಂದ್ಲು. ಕಣ್ಣಲ್ಲಿ ನೀರಿತ್ತು.

ಸಂಜೆವರೆಗೂ ಕಾದೆ. ಸ್ವಿಚ್ಚು, ರಿಲೇ, ಬ್ಯಾಟರಿ ಎಲ್ಲ ನೋಡಿದೆ. ಆ ದೀಪ ಒಂದು ಸಲಾನೂ ಮಿಟುಕಲಿಲ್ಲ. ಭಾನುವಾರ ಅದಕ್ಕೂ ರಜ ಇರಬೇಕು, ಅದು ಬಂದ ದಿನ ಫೋನ್ ಮಾಡವ್ವ ಅಂತ ಜಂಬದಿಂದ ಕಳಿಸಿದೆ.

೨. ಜೇಬಲ್ಲಿ ಫ್ಯೂಸು

ಬುಧವಾರ ಮಧ್ಯಾಹ್ನ ಫೋನ್ ಬಂತು. ಟೂಲು ಚೀಲ ಎತ್ಕೊಂಡು ಕೈಲಾಂಚಕ್ಕೆ ಹೋದೆ. ಹಿಪ್ಪುನೇರಳೆ ತೋಟದ ಪಕ್ಕದ ಮನೆ. ಒಂದು ಎಲೆ ಅಲ್ಲಾಡ್ತಿರಲಿಲ್ಲ, ನಾಯಿ ಕೂಡ ಕಾರಿನ ನೆರಳು ಬಿಟ್ಟು ಬಿಸಿಲಲ್ಲೇ ಮಲಗಿತ್ತು. ದೀಪ ಉರೀತಿತ್ತು. ಸಾಯೋ ಮನುಷ್ಯನ ಕಣ್ಣಿನ ಹಾಗೆ ಮಂಕಾಗಿ. ಅದರ ಕೆಳಗೆ ಬಂಪರ್ ಮೇಲೆ ಕೆಂಪಗೆ ಏನೋ ಇಳಿದು ಒಣಗಿತ್ತು.

ಆ ದೀಪದ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡೆ. ದೀಪ ಆರಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದೀನಿ, ಫ್ಯೂಸ್ ತೆಗೆದ ಮೇಲೂ ಉರಿಯೋ ದೀಪ ನೋಡಿರಲಿಲ್ಲ. ಕೈ ಹಿಂದಕ್ಕೆ ಎಳ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದ್ರು: "ಅದು ನಿನ್ನೇ ನೋಡ್ತಾ ಐತೆ ಕಣಪ್ಪ. ಒಸಿ ದೂರ ನಿಂತ್ಕೊ."

ನಿಂತೆ. ಶನಿವಾರದವರೆಗೆ ರಜ ಹಾಕಿ ಕಾರನ್ನ ಶೆಡ್ಡಿಗೆ ತಂದು ಬಿಡೋಕೆ ಅವಳಿಗೆ ಹೇಳಿ, ಆ ನಾಯಿ ಪಕ್ಕ ಹೋಗಿ ನಿಂತೆ.

೩. ನಾನು ಮಾಡಿದ ರಿಪೇರಿ

ನಿಯತ್ತಾಗಿ ಹೇಳ್ಬೇಕು ಅಂದ್ರೆ, ಕಾರು ಶೆಡ್ಡಿಗೆ ಬಂದ ಬುಧವಾರವೇ ಬಂಪರ್ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಆ ಕಣ್ಣಿನ ಹತ್ರ ಮುಖ ಇಟ್ಕೊಂಡು ಕೂರೋಕೆ ಧೈರ್ಯ ಬರಲಿಲ್ಲ. ಗುರುವಾರವೆಲ್ಲ ಬೇರೆ ಗಾಡಿ ಕೆಲಸ ಮಾಡಿದೆ. ಎಲ್ಲಿ ನಿಂತ್ರೂ ಅದು ನನ್ನ ಕಡೆಗೇ ನೋಡ್ದಂಗಾಗ್ತಿತ್ತು. ಗೋಣಿಚೀಲ ಮುಚ್ಚಿದೆ. ಅದು ಚೀಲದ ತೂತಲ್ಲಿ ನೋಡ್ತು.

ಶುಕ್ರವಾರ ಮಧ್ಯಾಹ್ನ ಯಾರೂ ಇಲ್ದಾಗ ಎದುರಿನ ಜ್ಯೂಸ್ ಅಂಗಡೀಲಿ ಒಂದು ನಿಂಬೆಹಣ್ಣು ಈಸ್ಕೊಂಡೆ. ಕುಯ್ದು, ದೇವರ ಪಟದ ಕುಂಕುಮ ತುಂಬಿ, ಬಲಗಡೆ ಗ್ರಿಲ್ಲಿನ ಸಂದೀಲಿ ಒಳಕ್ಕೆ ತುರುಕಿದೆ. ಎಡಗಡೆ ಕೈ ಇಡೋಕೆ ಭಯ. ಊರಿಗೆಲ್ಲ ಬುದ್ಧಿ ಹೇಳೋನು ನಾನು, ಯಾರಿಗೂ ಉಸಿರು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಶಟರ್ ಎತ್ತಿದ್ರೆ ಎಡಗಣ್ಣು ಮುಚ್ಚಿತ್ತು. ಅಬ್ಬ ಅಂದ್ಕೊಂಡೆ. ಅಷ್ಟರಲ್ಲಿ ಬಲಗಣ್ಣು ಕಾಣಿಸ್ತು. ಅದು ಬಿಟ್ಕೊಂಡಿತ್ತು. ನನ್ನ ಕಾರ್ಯ ನೋಡಿ ಕಣ್ಣು ಹೊಡೀತಾ ನಿಂತಿತ್ತು.

೪. ದಾರವಿಲ್ಲದ ಹಣ್ಣು

ಭಾನುವಾರ ಎಲ್ಲರೂ ಶೆಡ್ಡಿಗೇ ಬಂದ್ರು. ನರ್ಸು, ಗಂಡ, ಅತ್ತೆ, ಮಾಗಡಿಯ ಗಿರಾಕಿ. ಗಂಡನ ಕೈಯಲ್ಲಿ ಕಾರಿನ ಕಾಗದ. ಬಲಗಡೆ ದೀಪ ಉರಿಯೋದು ನೋಡಿ ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಹೋದ್ರು. ಎಡದಲ್ಲಿದ್ದದ್ದು ಬಲಕ್ಕೆ ಬಂದದೆ, ನಾಳೆ ಸ್ಟೇರಿಂಗಿಗೇ ಬರ್ತದೆ ಅಂದ್ರು.

ಆ ಹೆಣ್ಣುಮಗಳು ನನ್ನ ಕೈಯಿಂದ ಸ್ಪ್ಯಾನರ್ ತಗೊಂಡು ತಾನೇ ಬೋಲ್ಟು ಬಿಚ್ಚೋಕೆ ಶುರು ಮಾಡಿದ್ಲು. ನಾಚಿಕೆಯಾಗಿ ನಾನೂ ಕೂತೆ. ಬಂಪರ್ ಕೆಳಗೆ ಬಂತು.

ಎಡಗಡೆ ದೀಪದ ಹಿಂದೆ ನಾಲ್ಕು ನಿಂಬೆಹಣ್ಣು. ಮೂರು ಕರ್ರಗೆ ಒಣಗಿದ್ವು, ಒಂದು ಬಾಡಿತ್ತು. ಎಲ್ಲಕ್ಕೂ ಕಪ್ಪು ದಾರ. ಕುಂಕುಮ ಬೆರೆತ ನಿಂಬೆರಸ ಇಳಿದು ದೀಪದ ಸಾಕೆಟ್ಟಿಗೂ ಪಕ್ಕದ ಹಾರನ್ನಿನ ಸಾಕೆಟ್ಟಿಗೂ ಸೇತುವೆ ಕಟ್ಟಿತ್ತು. ಹಾರನ್ನು ಎರಡೂ ಕಡೆ ಒಂದೊಂದಿರ್ತದೆ, ಅದಕ್ಕೆ ಕೀ ಇಲ್ದಿದ್ರೂ ಕರೆಂಟು ಇದ್ದೇ ಇರ್ತದೆ. ರಸ ಹಸಿ ಇರೋವರೆಗೆ ಅಲ್ಲಿಂದ ಕದ್ದು ದೀಪ ಉರೀತಿತ್ತು, ಒಣಗಿದ ಮೇಲೆ ಆರ್ತಿತ್ತು.

ಎಲ್ಲರೂ ಅತ್ತೆ ಮುಖ ನೋಡಿದ್ರು. ಅವರು ಸೆರಗು ಸರಿ ಮಾಡ್ಕೊಂಡು ಹೇಳಿದ್ರು, ಪ್ರತಿ ಮಂಗಳವಾರ ಕಬ್ಬಾಳಮ್ಮನ ಗುಡಿಯಿಂದ ತಂದು ಇಕ್ತಿದ್ರಂತೆ. ಕನ್ನಡಿಗೆ ಕಟ್ಟಿದ್ರೆ ಸೊಸೆ ಬಿಸಾಕ್ತಾಳೆ ಅಂತ ಒಳಗೆ ಬಚ್ಚಿಡ್ತಿದ್ರು. "ರೋಡಲ್ಲಿ ಒಬ್ಳೇ ಹೋಯ್ತಾಳೆ. ಕ್ಷೇಮವಾಗಿ ಮನೆಗೆ ಬರ್ಲಿ ಅಂತ ಕಣಪ್ಪ." ಸೊಸೆ ಕಣ್ಣು ಒರೆಸ್ಕೊಂಡ್ಲು.

ಅಷ್ಟರಲ್ಲಿ ಅತ್ತೆ ಬಲಗಡೆ ಬಗ್ಗಿ ನೋಡಿದ್ರು. ಮುಖ ಬೆಳ್ಳಗಾಯ್ತು. ಅಲ್ಲಿ ಹೊಸಾ ಹಣ್ಣು, ದಾರವಿಲ್ಲ.

"ಇದು ನಂದಲ್ಲ" ಅಂದ್ರು. "ಅಮ್ಮನಾಣೆ ನಾನಿಕ್ಕಿಲ್ಲ. ಯಾರೋ ಮಾಟ ಮಾಡವ್ರೆ. ಮಾರ್ಬುಡ್ಲಾ."

ಗಂಡ ಕಾಗದ ಬಿಡಿಸಿದ. ಆ ಹೆಣ್ಣುಮಗಳು ನನ್ನ ಕಡೆ ನೋಡಿದ್ಲು. ಬಾಯಿ ಮುಚ್ಕೊಂಡಿದ್ರೆ ನನ್ನ ಮಾನ ಉಳೀತದೆ, ಅವಳ ಕಾರು ಹೋಗ್ತದೆ.

"ಅದು ನಂದು" ಅಂದೆ. "ನಾನೇ ಇಟ್ಟಿದ್ದು. ಹೆದರ್ಕೊಂಡು."

ಮಾಗಡಿಯವನು ಮೊದಲು ನಕ್ಕ, ಆಮೇಲೆ ಗಂಡ. ನರ್ಸು ನಗ್ತಾ ನಗ್ತಾ ಗಂಡನ ಕೈಯಿಂದ ಕಾಗದ ಕಿತ್ತು ಬ್ಯಾಗಿಗೆ ಹಾಕ್ಕೊಂಡ್ಲು. ಎರಡೂ ಸಾಕೆಟ್ಟು ತೊಳೆದು ಒರೆಸಿದೆ, ಎರಡೂ ಕಣ್ಣು ಮುಚ್ಚಿದ್ವು. ಸೋಮವಾರ ಶಿಫ್ಟಿಗೆ ಅವಳು ಅದೇ ಕಾರಲ್ಲೇ ಹೋದ್ಲು.

ಭಾನುವಾರ ಹೊರಡುವಾಗ ಅತ್ತೆ ಮಾತ್ರ ನಕ್ಕಿರಲಿಲ್ಲ. ಕಪ್ಪು ದಾರದ ಬಾಡಿದ ಹಣ್ಣು ಆರಿಸಿ ತಂದು ನನ್ನ ಅಂಗೈಲಿಟ್ಟು, ಕನಿಕರದಿಂದ ಬೆರಳು ಮಡಚಿದ್ರು. "ನಮ್ ಹುಡ್ಗಿಗೆ ಧೈರ್ಯ ಐತೆ. ಇದ ನಿನ್ ಬಾಗ್ಲಿಗೆ ಕಟ್ಕೊಳಪ್ಪ, ನಿಂಗೇ ಬೇಕಾಗಿರದು."

ಕಟ್ಕೊಂಡಿದೀನಿ. ಕರೆಂಟಿನ ಮೀಟರಿಂದ ಮಾತ್ರ ನಾಲ್ಕು ಮಾರು ದೂರದಲ್ಲಿ.