ಕುಕ್ಕರಿನಲ್ಲಿ ಬೆಂದ ಹಾಲಿನ ಬಾಟಲಿಗಳು

ಸ್ವರೂಪನಿಗೆ ತನ್ನ ಮನೆಯವರ ಮೇಲಿದ್ದ ದೂರು ಒಂದೇ. ಅಲ್ಲಿ ಯಾರೂ ಯಾವುದಕ್ಕೂ ಪುರಾವೆ ಇಡುವುದಿಲ್ಲ. ಹಾಲಿನ ಬಿಸಿ ನೋಡಲು ಹೆಂಡತಿ ನಿಖಿತಾ ಥರ್ಮಾಮೀಟರ್ ಮುಟ್ಟದೆ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟುಕೊಳ್ಳುತ್ತಾಳೆ. ಉಡುಪಿಯಿಂದ ಬಾಣಂತನಕ್ಕೆ ಬಂದ ಅತ್ತೆ ಸ್ವರ್ಣಲತಾ ಅಷ್ಟನ್ನೂ ಮಾಡದೆ ಬಾಟಲಿಯನ್ನು ಕೆನ್ನೆಗೆ ತಾಗಿಸಿ "ಸರಿ ಉಂಟು" ಅಂದುಬಿಡುತ್ತಾರೆ. ಐದು ತಿಂಗಳ ಮಗಳು ವಿಸ್ಮಯಾ ಒಬ್ಬಳೇ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಸ್ವತಃ ಪರೀಕ್ಷಿಸುವವಳು. ಅವಳಾದರೂ ತನ್ನನ್ನು ಹೋಲುತ್ತಾಳಲ್ಲ ಎಂಬುದು ಅವನ ಸಮಾಧಾನ.

ಸ್ವರೂಪ್ ಮೆಡಿಕಲ್ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನ ಮೇಲ್ವಿಚಾರಕ. ಕ್ರಿಮಿಗಳ ಜೊತೆ ಅವನಿಗೆ ಹನ್ನೆರಡು ವರ್ಷದ ಒಡನಾಟ. ಮಲೇಶಿಯಾದ ಪುಚೊಂಗಿನಲ್ಲಿ ಹನ್ನೊಂದನೆಯ ಮಹಡಿಯ ಆ ಫ್ಲ್ಯಾಟಿಗೆ ಮಗು ಬಂದ ವಾರವೇ ಅವನು 'ಕ್ಷೀರಪಾತ್ರಾ ನಿಷ್ಕ್ರಿಮೀಕರಣ ಸಂಹಿತೆ' ಎಂಬ ಒಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದ್ದ. ಒಟ್ಟು ಹದಿಮೂರು ನಿಯಮಗಳು. ಬಾಟಲಿಯೊಳಗೆ ಬ್ರಷ್ಷು ಎಷ್ಟು ಸುತ್ತು ತಿರುಗಬೇಕು ಎಂಬಲ್ಲಿಂದ ಹಿಡಿದು ನಿಪ್ಪಲ್ಲನ್ನು ಒಳಹೊರಗು ಮಾಡಿ ಉಜ್ಜುವ ಕ್ರಮದವರೆಗೆ ಎಲ್ಲವೂ ಅದರಲ್ಲಿತ್ತು. ಪಕ್ಕದಲ್ಲಿ ಎಲ್ಲರೂ ಸಹಿ ಹಾಕಿದ್ದರು. (ವಿಸ್ಮಯಾಳದು ಹೆಬ್ಬೆಟ್ಟು.) ಹಾಳೆ ಜಾರದಂತೆ ಅದರ ಬುಡಕ್ಕೆ ಮಲಾಕಾದಿಂದ ತಂದ ಆಮೆಯ ಮ್ಯಾಗ್ನೆಟ್ ಕೂತಿತ್ತು.

ಸೋಮವಾರ ನಿಖಿತಾಳ ಹೆರಿಗೆ ರಜೆ ಮುಗಿಯುತ್ತಿತ್ತು. ಮುಂದಿನ ವಾರ ಅತ್ತೆಯೂ ಊರಿಗೆ ಹೊರಡುವವರು. ಸ್ವರೂಪ್ ತಾನು ಕೂಡಿಟ್ಟ ರಜೆಯನ್ನೆಲ್ಲ ಪ್ರತಿ ವಾರದ ಮಂಗಳವಾರ, ಗುರುವಾರಗಳಿಗೆ ಹಂಚಿ, ಆ ಎರಡು ದಿನ ಮಗುವನ್ನು ತಾನೇ ನೋಡಿಕೊಳ್ಳುವುದೆಂದು ಅರ್ಜಿ ಬರೆದು ಒಪ್ಪಿಗೆಯನ್ನೂ ತಂದಿದ್ದ. ಆ ಕಾಗದವನ್ನು ದಿನಕ್ಕೆ ಎಷ್ಟು ಸಲ ಬಿಚ್ಚಿ ನೋಡುತ್ತಿದ್ದ ಎಂಬುದಕ್ಕೆ ಮಾತ್ರ ಅವನು ಲೆಕ್ಕ ಇಟ್ಟಿರಲಿಲ್ಲ.

"ಬೇಡ ಮಾರಾಯ, ಐದೂ ದಿನ ಕೆಳಗಿನ ನರ್ಸರಿಗೇ ಬಿಡುವ," ಅಂದಳು ನಿಖಿತಾ. "ನೀನು ನಿಯಮ ಓದಿ ಬಾಟಲಿ ತೊಳೆದು ಮುಗಿಸುವಾಗ ಮಗುವಿಗೆ ಹಲ್ಲು ಬಂದಿರ್ತದೆ."

"ಒಂದು ಟ್ರಯಲ್ ಕೊಟ್ಟು ನೋಡು. ಫೇಲಾದ್ರೆ ನರ್ಸರಿಗೆ ನಾನೇ ಫಾರ್ಮ್ ತುಂಬ್ತೀನಿ."

ಹಾಗೆ ಶನಿವಾರ ಹತ್ತರಿಂದ ಎರಡು ಗಂಟೆಗೆ ಪರೀಕ್ಷೆ ನಿಗದಿಯಾಯಿತು. ಅಷ್ಟರಲ್ಲಿ ನಿಖಿತಾ ಸೈಬರ್‌ಜಯಾದ ಆಫೀಸಿಗೆ ಹೋಗಿ ಲ್ಯಾಪ್‌ಟಾಪ್ ತರುವುದು. ಅತ್ತೆ ಪರೀಕ್ಷಕರು; ಸೋಫಾದಲ್ಲಿ ಕೂತು ನೋಡಬಹುದು, ಕೈ ಹಾಕುವಂತಿಲ್ಲ. ಮಗುವಿಗೆಂದು ನಿಖಿತಾ ಪಂಪು ಮಾಡಿ ಫ್ರಿಜ್ಜಿನಲ್ಲಿಟ್ಟ ಹಾಲು ಮೂರು ಪೊಟ್ಟಣ.

"ಅಡುಗೆ ಬೇಡ ಅಮ್ಮ, ನಾನು ಬರುವಾಗ ಹೋಟೆಲಿನಿಂದ ಊಟ ಟಪಾವ್ ಕಟ್ಟಿಸಿಕೊಂಡು ಬರ್ತೇನೆ," ಎಂದು ಹೇಳಿ ನಿಖಿತಾ ಲಿಫ್ಟಿಗೆ ಹೋದಳು.

ಮೇಜಿನ ಮೇಲೆ ಕರೆಂಟಿನ ಸ್ಟೆರಿಲೈಸರ್ ಇತ್ತು. ಪಾಪ, ಐದು ತಿಂಗಳಿಂದ ದೂರಿಲ್ಲದೆ ದುಡಿಯುತ್ತಿತ್ತು. ಆದರೆ ಅದರ ಹಬೆ ನೂರು ಡಿಗ್ರಿಯಲ್ಲೇ ನಿಲ್ಲುತ್ತದೆ. ಮಗುವಿನ ಬಾಟಲಿಗೆ ಅಷ್ಟು ಸಾಕೆಂದು ಸ್ವರೂಪನಿಗೂ ಗೊತ್ತು. ಆದರೆ ಇವತ್ತು ಪರೀಕ್ಷೆ, ಪುರಾವೆ ಬೇಕು. ಅವನ ಬಳಿ ಲ್ಯಾಬಿನ ವಿಶೇಷ ಟೇಪು ಇತ್ತು. ನೂರಾ ಇಪ್ಪತ್ತೊಂದು ಡಿಗ್ರಿಯ ಹಬೆಯಲ್ಲಿ ಹದಿನೈದು ನಿಮಿಷ ಬೆಂದರೆ ಅದರ ಮೇಲೆ ಕಪ್ಪು ಪಟ್ಟೆ ಮೂಡುತ್ತದೆ. ಮನೆಯಲ್ಲಿ ಅಷ್ಟು ಬಿಸಿ ಏರುವ ವಸ್ತು ಒಂದೇ: ಅತ್ತೆ ಊರಿಂದ ಹೊತ್ತು ತಂದ ಏಳೂವರೆ ಲೀಟರಿನ ಕುಕ್ಕರ್.

ಬಾಟಲಿಗಳ ತಳದಲ್ಲಿ ಪ್ಲಾಸ್ಟಿಕ್ಕಿನ ಜಾತಿ ಸೂಚಿಸುವ ಅಂಕಿ ನೋಡಿ, ಬಿಸಿ ತಡೆಯುತ್ತವೆಂದು ಖಚಿತಪಡಿಸಿಕೊಂಡ. ಮನೆಯಲ್ಲಿದ್ದ ನಾಲ್ಕೂ ಬಾಟಲಿ, ನಾಲ್ಕೂ ನಿಪ್ಪಲ್ಲಿಗೆ ಟೇಪು ಅಂಟಿಸಿ ಒಳಗಿಟ್ಟ.

ಅತ್ತೆ ಸೋಫಾದಿಂದ ಅರ್ಧ ಎದ್ದರು. "ಅಳಿಯಂದಿರೇ, ಆ ಕುಕ್ಕರಿನ ರಬ್ಬರು ಉಂಟಲ್ಲ, ಅದು..."

"ಅತ್ತೆ, ಪರೀಕ್ಷೆ ನಡೀವಾಗ ಸುಳಿವು ಕೊಡೋ ಹಾಗಿಲ್ಲ."

"ಆಯ್ತಪ್ಪ," ಎಂದು ಅವರು ಮತ್ತೆ ಕೂತರು.

ಕುಕ್ಕರ್ ಕೂಗಿತು. ಅವನು ಗಡಿಯಾರ ಹಿಡಿದು ನಿಂತ. ತಣಿದ ಮೇಲೆ ಮುಚ್ಚಳ ತೆಗೆದರೆ ಎಂಟು ಟೇಪಿನ ಮೇಲೂ ಜೀಬ್ರಾದಂತೆ ಕಪ್ಪು ಪಟ್ಟೆ. ಅವನು ಒಂದನ್ನು ಎತ್ತಿ ಅತ್ತೆಗೆ ತೋರಿಸಿದ. ಅತ್ತೆ ಮೂಗನ್ನು ಸೆರಗಿನಿಂದ ಒರೆಸಿಕೊಂಡರು.

ಹನ್ನೆರಡಕ್ಕೆ ವಿಸ್ಮಯಾ ಹಸಿದಳು. ಮೂವತ್ತೇಳು ಡಿಗ್ರಿಯ ಹಾಲು, ನಲವತ್ತೈದು ಡಿಗ್ರಿಯ ಓರೆಯಲ್ಲಿ ಬಾಟಲಿ. ಮಗು ಒಂದು ಗುಟುಕು ಎಳೆದು ನಿಂತಿತು. ಅಪ್ಪನ ಮುಖವನ್ನೇ ನೋಡಿತು. ಮೂಗು ಮುಚ್ಚಿಕೊಳ್ಳಲು ಇನ್ನೂ ಬಾರದ್ದರಿಂದ ಬಾಯಿ ಮುಚ್ಚಿಕೊಂಡಿತು. ಆಮೇಲೆ ಅದನ್ನು ತೆರೆದದ್ದು ಅಳುವುದಕ್ಕೆ.

ಅವನು ನಿಪ್ಪಲ್ ಬದಲಿಸಿದ, ಬಾಟಲಿ ಬದಲಿಸಿದ, ಎರಡನೆಯ ಪೊಟ್ಟಣ ಒಡೆದ. ಅದೇ ಗತಿ. ಮಗಳು ಕೆಂಪಾಗಿ ಕೂಗುತ್ತಿದ್ದಳು. ಉಳಿದದ್ದು ಒಂದೇ ಪೊಟ್ಟಣ. ನರ್ಸರಿಯ ಫಾರ್ಮಿನಲ್ಲಿ ತನ್ನದೇ ಅಕ್ಷರ ಅವನ ಕಣ್ಣ ಮುಂದೆ ಬಂತು. ಥರ್ಮಾಮೀಟರನ್ನೇ ನಂಬಲಾರದೆ ಅವನು ಜೀವನದಲ್ಲಿ ಮೊದಲ ಸಲ ಹೆಂಡತಿಯಂತೆ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟುಕೊಂಡ. ಬಿಸಿ ಸರಿಯಾಗಿತ್ತು. ಆದರೆ ಮಣಿಕಟ್ಟು ಘಮ್ಮೆಂದಿತು.

ತೊಗರಿಬೇಳೆ, ಹುಣಸೆಹುಳಿ, ತಮಿಳು ಅಂಗಡಿಯ ಗಟ್ಟಿ ಇಂಗು: ನಿನ್ನೆಯ ನುಗ್ಗೆಕಾಯಿ ಹುಳಿ. ಕುಕ್ಕರಿನ ರಬ್ಬರು ವರ್ಷಗಳಿಂದ ಕೂಡಿಟ್ಟ ವಾಸನೆಯನ್ನೆಲ್ಲ ನಾಲ್ಕು ಬಾಟಲಿ, ನಾಲ್ಕು ನಿಪ್ಪಲ್ಲಿಗೆ ಸಮನಾಗಿ ಧಾರೆಯೆರೆದಿತ್ತು. ಕ್ರಿಮಿ ಒಂದೂ ಉಳಿದಿರಲಿಲ್ಲ. ಹುಳಿ ಮಾತ್ರ ಉಳಿದಿತ್ತು. ಲ್ಯಾಬಿನಲ್ಲಿ ಹುಡುಗರಿಗೆ "ಎಲ್ಲಾ ಸ್ಯಾಂಪಲ್ ಒಟ್ಟಿಗೆ ಹಾಕಬೇಡಿ, ಒಂದನ್ನು ಬೇರೆ ಇಡಿ" ಎಂದು ಹನ್ನೆರಡು ವರ್ಷ ಬೈದ ಮನುಷ್ಯ, ಮನೆಯಲ್ಲಿ ಒಂದನ್ನೂ ಬೇರೆ ಇಟ್ಟಿರಲಿಲ್ಲ.

"ಅತ್ತೆ," ಅಂದ ಮೆಲ್ಲಗೆ. "ಒಂದೇ ಒಂದು ಸುಳಿವು."

"ಸುಳಿವು ಕೊಡ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ನಂದು ಫೇಲಾದ್ರೂ ಆಗ್ಲಿ. ಅವಳಿಗೆ ಹಸಿವಾಗಿದೆ."

ಅತ್ತೆ ಅವನ ಮುಖ ನೋಡಿದರು. ಎದ್ದು ಅಡುಗೆಮನೆಗೆ ಹೋಗಿ, ಮುಚ್ಚಿಟ್ಟ ಪಾತ್ರೆಯಿಂದ ಬೆಳ್ಳಿಯ ಒಳಲೆ ತಂದರು. ಉದ್ದ ಮೂತಿಯ ಪುಟ್ಟ ಬಟ್ಟಲು. ನಿಖಿತಾಳೂ ಕೂಸಾಗಿದ್ದಾಗ ಅದರಲ್ಲೇ ಹಾಲು ಕುಡಿದವಳು. ಪ್ರಮಾಣೀಕರಿಸಲಾಗದ ಸಾಧನವೆಂದು ಸ್ವರೂಪ್ ಅದನ್ನು ಮೊದಲ ವಾರವೇ ಬಹಿಷ್ಕರಿಸಿದ್ದ.

"ಇದನ್ನ ಕುದಿಸಿದ್ದು...?"

"ನೀವು ಸ್ನಾನಕ್ಕೆ ಹೋದಾಗ. ತೊಳೆದು, ಹತ್ತು ನಿಮಿಷ, ಗಡಿಯಾರ ನೋಡಿ. ಹದಿಮೂರನೇ ನಂಬರಿನ ಪ್ರಕಾರ."

"ಹದಿಮೂರಾ?"

ಅತ್ತೆ ಫ್ರಿಜ್ಜಿನ ಆಮೆಯನ್ನು ಪಕ್ಕಕ್ಕೆ ಸರಿಸಿದರು. ಅದರ ಹೊಟ್ಟೆಯಡಿ ಅವನದೇ ಮುದ್ದಾದ ಅಕ್ಷರ: 'ಅನಿರೀಕ್ಷಿತ ಸಂದರ್ಭಕ್ಕಾಗಿ ಒಂದು ಪಾತ್ರೆಯನ್ನು ಪ್ರತ್ಯೇಕವಾಗಿ ಕುದಿಸಿ ಮುಚ್ಚಿಡತಕ್ಕದ್ದು.' ಬರೆದವನು ಮರೆತಿದ್ದ. ದಿನಾ ಫ್ರಿಜ್ಜು ಒರೆಸುವವರು ಮರೆತಿರಲಿಲ್ಲ.

ಅವನು ನೆಲದ ಮೇಲೆ ಚಕ್ಕಳಮಕ್ಕಳ ಕೂತ. "ತಲೆ ಮೇಲೆ ಮಾಡಿ. ಮೂತಿಯನ್ನು ತುಟಿಗೆ ತಾಗಿಸಿ ಸಾಕು. ಸುರಿಯುದು ಬೇಡ, ಅವಳೇ ಎಳೀತಾಳೆ," ಎಂದು ಅತ್ತೆ ಹೇಳಿಕೊಟ್ಟರು. ಮೂರನೆಯ ಪೊಟ್ಟಣ ಗುಟುಕು ಗುಟುಕಾಗಿ ಇಳಿಯಿತು. ಬಟ್ಟಲಿನ ತಳ ಕಂಡಾಗ ವಿಸ್ಮಯಾ ಅವನ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆ ಹೋಗಿದ್ದಳು.

ಎರಡಕ್ಕೆ ಐದು ನಿಮಿಷ ಇರುವಾಗ ನಿಖಿತಾ ಟಪಾವ್ ಪೊಟ್ಟಣ ಹಿಡಿದು ಒಳಬಂದಳು. "ಅಡುಗೆ ಬೇಡ ಅಂದಿದ್ದೆನಲ್ಲ ಅಮ್ಮ? ಲಿಫ್ಟಿನವರೆಗೂ ಹುಳಿ ಪರಿಮಳ." ಆಮೇಲೆ ಟೇಪು ಅಂಟಿದ ಬಾಟಲಿಗಳನ್ನು ನೋಡಿದಳು, ಕುಕ್ಕರ್ ನೋಡಿದಳು, ಗಂಡನನ್ನು ನೋಡಿದಳು. ವಿಜ್ಞಾನಿಯ ಕಾಲು ಜೋಮು ಹಿಡಿದಿತ್ತು. ಮಗು ಏಳುತ್ತದೆಂದು ಅವನು ಅಲುಗುವಂತಿರಲಿಲ್ಲ.

"ರಿಸಲ್ಟ್ ಎಂತ?" ಅಂತ ತಾಯಿಯನ್ನು ಕೇಳಿದಳು.

"ಪಾಸು," ಅಂದರು ಅತ್ತೆ. "ಮಂಗಳವಾರ, ಗುರುವಾರ ಮಗು ಅವರ ಹತ್ರವೇ ಇರ್ಲಿ. ಅದು ಅತ್ತದ್ದಕ್ಕಿಂತ ಅವರ ಕಣ್ಣೇ ಹೆಚ್ಚು ತುಂಬಿತ್ತು. ಆದ್ರೆ ನಿಯಮ ಒಂದು ಕಡಿಮೆ ಉಂಟು."

ಪೆನ್ಸಿಲು ಹುಡುಕಿ, ಕನ್ನಡಕ ಏರಿಸಿ, ಹದಿಮೂರರ ಕೆಳಗೆ ನಿಧಾನವಾಗಿ ಬರೆದರು: '೧೪. ಅಳಿಯಂದಿರು ಕುಕ್ಕರ್ ಮುಟ್ಟತಕ್ಕದ್ದಲ್ಲ.' ಹಾಳೆಯನ್ನು ಫ್ರಿಜ್ಜಿನಿಂದ ಕಿತ್ತು ತಂದು ಅವನ ಮುಂದೆ ಹಿಡಿದರು.

ಸ್ವರೂಪ್ ಖಾಲಿಯಿದ್ದ ಒಂದು ಕೈಯಿಂದ, ಕೂತಲ್ಲೇ, ದಿನಾಂಕ ಮತ್ತು ಸಮಯದ ಸಮೇತ ಸಹಿ ಹಾಕಿದ.