ಹಕ್ಕಿಯ ಇನ್ನೊಂದು ಕಾಲು

ಎಲ್ಲಕ್ಕೂ ಕಾರಣ ಒಂದು ಬಿಸ್ಕತ್ತಿನ ಪೊಟ್ಟಣ. ಬೆಳಗಿನ ಚಹಾಕ್ಕೆಂದು ಅದನ್ನು ಬಿಚ್ಚಹೋದ ಬೋರ್ಡು ಮಾವ ಹಾಗೇ ಕೂತುಬಿಟ್ಟರು. ಬೀದಿಯ ಅಂಗಡಿಗಳಿಗೆಲ್ಲ ಬೋರ್ಡು ಬರೆದು ಆ ಹೆಸರು ಪಡೆದವರು ಅವರು. ಪೊಟ್ಟಣದ ಮೇಲಿದ್ದದ್ದು ಅವರದೇ ಅಕ್ಷರ. ಹೊಟ್ಟೆ ಉಬ್ಬಿಸಿ, ಬಾಲ ಸುರುಳಿ ಸುತ್ತಿ, ತಲೆಯ ಮೇಲೊಂದು ಹಕ್ಕಿಯನ್ನು ಕೂರಿಸಿಕೊಂಡ ಅಕ್ಷರ. ಹಕ್ಕಿಗೆ ಒಂದೇ ಕಾಲು.

ಮೂವತ್ತೈದು ವರ್ಷದ ಹಿಂದೆ ಎದುರಿನ ದರ್ಜಿ ಅಂಗಡಿಗೆ ಅದನ್ನು ಮೊದಲು ಬರೆದದ್ದು. ಹಕ್ಕಿಗೆ ಒಂದು ಕಾಲು ಮೂಡುವಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಳು. ಉಂಡು ಬಂದು ಇನ್ನೊಂದನ್ನು ಬರೆಯಹೋದರೆ ಅವಳೇ ತಡೆದಳು. "ಹಾಗೇ ಇರ್ಲಿ ಬಿಡ್ರಿ. ಏಣಿ ಮೇಲೆ ಒಂಟಿಕಾಲಲ್ಲಿ ನಿಂತಿರೋದು ಥೇಟ್ ನಿಮ್ಮ ಹಾಗೇ ಇದೆ." ಅಂದಿನಿಂದ ಔಷಧದಂಗಡಿ, ಬಸ್ಸು, ಶಾಲೆಯ ಗೇಟು, ಎಲ್ಲೆಲ್ಲೂ ಒಂಟಿಕಾಲಿನ ಹಕ್ಕಿಗಳೇ. ಈಗ ಆ ಬೋರ್ಡುಗಳೂ ಇಲ್ಲ, ಅವಳೂ ಇಲ್ಲ. ಮಾವನ ಚಹಾ ಆರಿಹೋಯಿತು.

ಪೊಟ್ಟಣ ಹಿಡಿದು ಬೀದಿಗಿಳಿದರೆ, ಬಿಸಿಲಿಗೆ ಅಕ್ಷರ ಅಳಿಸಿ ಬೋಳಾಗಿ ಉಳಿದಿದ್ದ ಆ ಒಂದೇ ಹಳೆಯ ಬೋರ್ಡನ್ನೂ ದರ್ಜಿಯ ಮಗ ಇಳಿಸಿಟ್ಟಿದ್ದ. ಪ್ರಿಂಟಿಂಗ್ ಅಂಗಡಿಯವನು ಲ್ಯಾಪ್‌ಟಾಪಿನಲ್ಲಿ ಹೊಸದರ ಮಾದರಿ ತೋರಿಸುತ್ತಿದ್ದ. ಅಲ್ಲೂ ಅದೇ ಅಕ್ಷರ.

"ಇದು ನಂದು," ಎಂದರು ಮಾವ.

"ಫಾಂಟು ಮಾವ ಇದು. ಕಂಪ್ಯೂಟರಲ್ಲೇ ಬರುತ್ತೆ," ಎಂದ ಪ್ರಿಂಟಿನವನು.

ಮಾತು ಬೆಳೆಯಿತು. ಕ್ಷೌರಿಕ ಕತ್ತರಿ ಹಿಡಿದೇ ಬಂದ, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿಯೂ ಬಂದ. ಹಣ್ಣಿನಂಗಡಿಯ ಅತ್ತೆ ತಕ್ಕಡಿಯ ಸಮೇತ ನ್ಯಾಯ ಹೇಳಲು ನಿಂತಳು. "ಕೈಗೆ ಕುಂಚ ಕೊಡಿ. ಬರೆದು ತೋರಿಸ್ಲಿ."

ದರ್ಜಿಯ ಮಗ ಒಪ್ಪಿದ. "ಇದೇ ಥರ ಬಂದ್ರೆ ಹೊಸ ಬೋರ್ಡಿನ ಕೆಲಸ ನಿಮಗೇ ಮಾವ. ನಮ್ಮಪ್ಪನ ಕಾಲದ್ದು ಈಗ ಯಾರಿಗೆ ನೆನಪಿದೆ?"

ಮಾವನ ಕುಂಚ ಮೂಲೆ ಸೇರಿ ಎಂಟು ವರ್ಷ. ಕಣ್ಣು ಮುಚ್ಚುವ ಮೊದಲು ಇನ್ನೊಂದೇ ಒಂದು ಬೋರ್ಡು ಬರೆಯಬೇಕೆಂಬ ಆಸೆ ಅವರದು. ಓಡಿಹೋಗಿ ಕುಂಚ, ಬಣ್ಣ ತಂದರು. ಕುಂಚ ಹಳೇ ಪೊರಕೆಯಂತಾಗಿತ್ತು. ಡಬ್ಬಿಯ ಮುಚ್ಚಳವನ್ನು ಕ್ಷೌರಿಕ ಕತ್ತರಿಯಿಂದ ಎಬ್ಬಿಸಿದಾಗ ನೀಲಿ ಬಣ್ಣ ಸಿಡಿದು ಗಿರಾಕಿಯ ಬೋಳಿಸಿದ ಕೆನ್ನೆಗೂ ಗಡ್ಡ ಬಂತು.

ಹಳೆಯ ಬೋರ್ಡಿನ ಬೆನ್ನ ಮೇಲೆ ಮಾವ ಬರೆದರು. ಹೊಟ್ಟೆ ಬಂತು, ಬಾಲ ಸುತ್ತಿತು, ಹಕ್ಕಿ ಕೂತಿತು. ಒಂದು ಕಾಲು ಬರೆದು ತಡೆದರು. ಕಂಪ್ಯೂಟರು ಕದ್ದದ್ದು ಅರೆಬರೆ ಹಕ್ಕಿಯನ್ನು. ಪೂರ್ತಿ ಹಕ್ಕಿ ಗೊತ್ತಿರುವುದು ನನಗೊಬ್ಬನಿಗೇ, ಇಷ್ಟು ಜನರ ಮುಂದೆ ತೋರಿಸಿಯೇಬಿಡೋಣ ಎನ್ನಿಸಿತು. ಇನ್ನೊಂದು ಕಾಲನ್ನೂ ಉಗುರು ಸಮೇತ ಬರೆದರು.

ಪ್ರಿಂಟಿನವನು ಹೋಲಿಸಲು ಲ್ಯಾಪ್‌ಟಾಪನ್ನು ಬೋರ್ಡಿನ ಪಕ್ಕಕ್ಕಿಟ್ಟ. ಅತ್ತೆ ಬಗ್ಗಿ ಎಣಿಸಿದಳು. "ಒಂದು ಕಾಲು ಜಾಸ್ತಿ."

"ನಕಲು ಮಾಡೋದಾದ್ರೂ ನೋಡ್ಕೊಂಡು ಮಾಡ್ಬಾರ್ದಾ ಮಾವ," ಎಂದ ದರ್ಜಿಯ ಮಗ ಬೇಸರದಿಂದ. ಹೊಸ ಬೋರ್ಡಿನ ಕೆಲಸ ಪ್ರಿಂಟಿನವನ ಪಾಲಾಯಿತು.

ಮಾವ ಆ ಹಸಿ ಕಾಲನ್ನು ಹೆಬ್ಬೆರಳಿನಿಂದ ಒರೆಸಿದರು. ಪ್ರಿಂಟಿನವನು ಅವರ ಬೆನ್ನು ತಟ್ಟಿದ. "ಹಾಂ, ಈಗ ಬಂತು ನೋಡಿ. ಇನ್ನೆರಡು ದಿನ ಕೂತ್ರೆ ಕಲ್ತುಬಿಡ್ತೀರಿ."

ಮನೆಗೆ ಬಂದ ಮಾವ ಹೆಂಡತಿಯ ಫೋಟೋಕ್ಕೆ ನೀಲಿ ಹೆಬ್ಬೆರಳು ತೋರಿಸಿದರು. "ಹಾಗೇ ಇರ್ಲಿ ಅಂತ ನೀನು ಹೇಳಿದ್ದೆ ಕಣೇ. ನಾನೇ ಕೇಳ್ಲಿಲ್ಲ."